ಬಿತ್ತು ಒಂದೇ ಮನೆಲಿ ಮಡುಗಲಾಗ

ಮೊನ್ನೆ ಒಂದು ಪೂಜೆ ಮನೆಲಿ ಮುನ್ನಾಣ ದಿನ ಹೊತ್ತೋಪಗ ಹೆಮ್ಮಕ್ಕೊ ಎಲ್ಲ ಕೂದೊಂಡು ಬಾಗ ಕೊರಕ್ಕೊಂಡಿತ್ತಿದ್ದೆಯೊ. ಅಷ್ಟಪ್ಪಗ ಒಂದು ಅತ್ತಿಗೆ ಹೇಳಿತ್ತು, "ಆನು ಈ ವರ್ಷಂದ ನೆಟ್ಟಿಕಾಯಿ ಮಾಡುದು ನಿಲ್ಸಿದೆ. ಮಳೆಗೂ ಲೆಕ್ಕ ಇಲ್ಲೆ, ಬೆಶಿಲಿಂಗೂ ಲೆಕ್ಕ ಇಲ್ಲೆ. ಪೈಸೆ ಕೊಟ್ಟರೆ ಪೇಟೆಂದ ಬತ್ತು. ಈ ಪ್ರಾಯಲ್ಲಿ ಎಂತಕೆ ಬೇಕು?" ಹೇಳಿ. ಸುತ್ತ ಕೂದವು ಹೆಚ್ಚಿನವುದೆ ಅಪ್ಪಪ್ಪು ಹೇಳಿದವು.

ಆನು ಎಂತದೂ ಹೇಳಿದ್ದಿಲ್ಲೆ. ಎನ್ನ ಕೈಲಿ ಇದ್ದ ಚೀನಿಕಾಯಿ ಕಲ್ಲಿನ ಹಾಂಗೆ ಗಟ್ಟಿ ಇತ್ತು, ಅದೊಂದು ಕಾರಣ. ಎನ್ನತ್ರೆ ಉತ್ತರವುದೆ ಇತ್ತಿಲ್ಲೆ. ಮನಗೆ ಬಂದ ಮತ್ತೆ ನಾಲ್ಕು ದಿನ ಅದನ್ನೇ ಗ್ರೇಶಿದೆ. ಈಗ ಬರೆತ್ತೆ.

ಎಂಗಳದ್ದು ವಿಟ್ಲ ಹೊಡೆಲಿ, ಅಡಕ್ಕೆ ತೋಟದ ಮನೆ. ಮನೆ ಹಿಂದೆ ಇಪ್ಪತ್ತು ಸೆಂಟ್ಸು ಜಾಗೆ ಎನ್ನ ನೆಟ್ಟಿಕಾಯಿಗೆ. ಮಳೆಗಾಲಲ್ಲಿ ಬೆಂಡೆ, ಅಲಸಂಡೆ, ಮುಳ್ಳುಸೌತೆ, ಹೀರೆ, ಪಟ್ಲ, ಹಾಗಲ. ಬೇಸಗೆಲಿ ಸೌತೆ, ಚೀನಿಕಾಯಿ, ಕುಂಬ್ಳ, ಹರುವೆ. ತೊಂಡೆ ಚಪ್ಪರ, ಬಸಳೆ ಚಪ್ಪರ ವರ್ಷ ಇಡೀ. ನೀರುಳ್ಳಿ, ಬಟಾಟೆ, ಕ್ಯಾರೆಟ್ಟು ಎಂಗೊಗೂ ಪೇಟೆಂದಲೇ ಬಪ್ಪದು. ಎಲ್ಲ ಬೆಳೆಶುತ್ತೆ ಹೇಳಿ ಆನು ಜಂಭ ಮಾಡ್ತಿಲ್ಲೆ.

ಅತ್ತೆಯವರ ಕಾಲಲ್ಲಿ ಇದಕ್ಕೆಲ್ಲ ಒಂದು ದಿನ ಹೇಳಿ ಇತ್ತು, ಪತ್ತನಾಜೆ. ಬೇಷ ತಿಂಗಳಿನ ಹತ್ತನೇ ದಿನ, ಇಂಗ್ಲಿಷು ಲೆಕ್ಕಲ್ಲಿ ಮೇ 24ರ ಹತ್ರೆ ಬತ್ತು. ಅಂದಿಂಗೆ ಆಟ, ಕೋಲ, ಜಾತ್ರೆ ಎಲ್ಲ ಮುಗುದು ಕೃಷಿ ಕೆಲಸ ಸುರು. ಪತ್ತನಾಜೆಗೆ ಹತ್ತು ಹನಿ ಆದರೂ ಬೀಳೆಕ್ಕು ಹೇಳುಗು. ಅತ್ತೆ ಅದಕ್ಕೆ ಮೊದಲೇ ಮಣ್ಣು ಕೊಚ್ಚಿ, ಸುಡುಮಣ್ಣುದೆ ಹಟ್ಟಿಗೊಬ್ಬರವುದೆ ಸೇರ್ಸಿ ಮಡುಗುಗು. ಆ ಹತ್ತು ಹನಿಗೆ ಬಿತ್ತು ಹಾಕಿರೆ, ಜೂನಿಲಿ ಸರಿಯಾದ ಮಳೆ ಹಿಡಿವಗ ಸೆಸಿಗೆ ನಾಲ್ಕೆಲೆ ಬಂದು ಬೇರು ಗಟ್ಟಿ ಆಗಿರ್ತು. ಆ ಎಡೆಲಿಪ್ಪ ಹತ್ತು ಹದಿನೈದು ದಿನವೇ ಎಲ್ಲದರ ಗುಟ್ಟು. ನಮ್ಮ ಜಿಲ್ಲೆಲಿ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲ್ಲಿಮೀಟರ್ ಮಳೆ ಬಿದ್ದರೂ ಬಳ್ಳಿ ಒಳಿವದು ಆ ದಿನಂಗಳ ಬಲಲ್ಲಿ.

ಈಗ ಆ ದಿನಂಗಳೇ ಇಲ್ಲೆ. 2023ರಲ್ಲಿ ಆಗಸ್ಟ್ ತಿಂಗಳು ಮಳೆಯೇ ಇತ್ತಿಲ್ಲೆ. 1901ರಿಂದ ಇತ್ಲಾಗಿ ಅಷ್ಟು ಒಣಗಿದ ಆಗಸ್ಟ್ ದೇಶಲ್ಲೇ ಬಯಿಂದಿಲ್ಲೆ ಹೇಳಿ ಪೇಪರಿಲಿ ಇತ್ತು. ಮಳೆಗಾಲಲ್ಲಿ ಕೊಡಪ್ಪಾನಲ್ಲಿ ನೀರು ಹೊತ್ತು ಅಲಸಂಡೆಗೆ ಎರದ್ದದು ಎನ್ನ ಜೀವಮಾನಲ್ಲಿ ಅದೇ ಸುರು. 2024ರ ಬೇಸಗೆಲಿ ಬಸಳೆ ಎಲೆ ಚಪ್ಪರಲ್ಲೇ ಬಾಡಿತ್ತು, ಹೂಗು ಎಲ್ಲ ಉದುರಿತ್ತು. 2025ರಲ್ಲಿ ಮುಂಗಾರು ಕೇರಳಕ್ಕೆ ಬಂದದು ಮೇ 24ಕ್ಕೆ, 2009ರ ಮತ್ತೆ ಅಷ್ಟು ಬೇಗ ಬಂದದು ಇದೇ. ಪತ್ತನಾಜೆಗೆ ಸರೀ ಬಂತು. ಆದರೆ ಹತ್ತು ಹನಿ ಅಲ್ಲ, ಹತ್ತು ಸಾವಿರ ಕೊಡಪ್ಪಾನ!

ಎನಗೆ ಪೆಟ್ಟು ಬಿದ್ದದು ಅದರಲ್ಲೇ. ಎಂಗಳ ಮನೆಲಿ ಅತ್ತೆಯವು ಕೊಟ್ಟ ಮುಳ್ಳುಸೌತೆ ಬಿತ್ತು ಇತ್ತು. ಗಿಡ್ಡ ಕಾಯಿ, ಬೆಳಿ ಬಣ್ಣ, ತೊಟ್ಟಿನ ಹತ್ರೆಯೂ ಕೈಕ್ಕೆ ಇಲ್ಲೆ. ಆನು ಮದುವೆ ಆಗಿ ಬಪ್ಪಗ ಅದರ ಬಿತ್ತಿನ ಸಗಣಲ್ಲಿ ಬೆರುಸಿ ಅಡಿಗೆ ಕೋಣೆ ಗೋಡಗೆ ಅಂಟುಸಿಗೊಂಡಿತ್ತಿದ್ದವು. ಮತ್ತೆ ಆನು ಬೂದಿಲಿ ಬೆರುಸಿ ಕುಪ್ಪಿಲಿ ಮಡುಗಿಗೊಂಡು ಬಂದೆ. ಈ ವರ್ಷ ಮೇ ತಿಂಗಳಿಲಿ ಒಂದು ಬೆಶಿಲು ಕಂಡಪ್ಪಗ, ಕುಪ್ಪಿಲಿ ಇದ್ದದರ ಅಷ್ಟೂ ಒಂದೇ ದಿನ, ಸಮತಟ್ಟು ಸಾಲಿಲಿ ಹಾಕಿದೆ. ಎರಡು ದಿನ ಕಳುದು ಮಳೆ ಹಿಡುದತ್ತು. ಸಾಲಿಲಿ ನೀರು ನಿಂದತ್ತು. ವಾರ ಕಳುದು ಮಣ್ಣು ಕೆರದು ನೋಡಿರೆ ಬಿತ್ತು ಎಲ್ಲ ಕೊಳದು ಲೋಳೆ ಆಯಿದು.

ಎನ್ನ ಯೆಜಮಾನ್ರು "ಪೇಟೆಲಿ ಪೆಕೆಟು ಸಿಕ್ಕುತ್ತನ್ನೆ" ಹೇಳಿದವು. ಬೇಜಾರು ಮಾಡ್ಲೆ ಹೇಳಿದ್ದಲ್ಲ, ಸಮಾಧಾನಕ್ಕೇ ಹೇಳಿದ್ದು. ಆದರೂ ಎನಗೆ ಆ ದಿನ ಊಟ ಸೇರಿದ್ದಿಲ್ಲೆ. ಅತ್ತೆ ತೀರಿ ಹೋಗಿ ಆರು ವರ್ಷ ಆತು. ಚಿನ್ನ, ಸೀರೆ ಎಲ್ಲ ಪಾಲಾಗಿ ಹೋತು. ಅವು ಕೈಯಾರೆ ಎನಗೆ ಹೇಳಿ ಕೊಟ್ಟದು ಆ ಬಿತ್ತು ಒಂದೇ. ಅದರ ಕೊಳಶಿದ್ದು ಮಳೆ ಅಲ್ಲ, ಆನು.

ಮತ್ತೆ ನೆಂಪಾತು. ಐದಾರು ವರ್ಷ ಹಿಂದೆ ಓರಗಿತ್ತಿಯ ಅಪ್ಪನ ಮನಗೆ, ಬದಿಯಡ್ಕ ಹೊಡೆಂಗೆ, ಒಂದು ಮುಷ್ಟಿ ಕೊಟ್ಟಿತ್ತಿದ್ದೆ. ಫೋನು ಮಾಡಿದೆ. ಅಲ್ಲಿಯಾಣ ಅಕ್ಕ "ಅದು ಎಂಗಳ ಮನೆ ಸೌತೆ ಅಲ್ಲದಾ, ಬೇಕಾದರೆ ಕೊಡ್ತೆ" ಹೇಳಿತ್ತು! ಎನಗೆ ಸುರುವಿಂಗೆ ಪಿಸುರೇ ಬಂತು. ಎಂಗಳ ಅತ್ತೆಯ ಬಿತ್ತು ಅವರದ್ದು ಏವಾಗ ಆತು? ಫೋನು ಮಡುಗಿ ಆಲೋಚನೆ ಮಾಡಿದೆ. ಅವು ತಮ್ಮದು ಹೇಳಿ ಗ್ರೇಶಿದ ಕಾರಣವೇ ಅದು ಒಳುದ್ದು. ಆನು ಎನ್ನದು ಹೇಳಿ ಕುಪ್ಪಿಲಿ ಮಡುಗಿದ್ದು ಹೋತು.

ಇಪ್ಪತ್ತೆರಡು ಬಿತ್ತು ಕಾಗದಲ್ಲಿ ಸುತ್ತಿ ಕಳುಸಿತ್ತು. ಈ ಸರ್ತಿ ಬುದ್ಧಿ ಬಂದಿತ್ತು. ಅರ್ಧ ಮಡುಗಿ ಅರ್ಧ ಹಾಕಿದೆ. ಅಡಕ್ಕೆ ಹಾಳೆಯ ಕೊಟ್ಟೆ ಕಟ್ಟಿ, ಸುಡುಮಣ್ಣು ತುಂಬುಸಿ, ಮಾಡಿನ ಅಡಿಲಿ ಸೆಸಿ ಮಾಡಿದೆ. ನೆಡ್ಲೆ ಮೊಣಕಾಲೆತ್ತರಕ್ಕೆ ಮಣ್ಣು ಏರ್ಸಿ ದಿಬ್ಬ ಮಾಡಿದೆ. ಬೇಸಗೆಲಿ ಗುಂಡಿಲಿ ನೆಡೆಕ್ಕು, ಮಳೆಗೆ ದಿಬ್ಬಲ್ಲಿ ನೆಡೆಕ್ಕು. ಇದು ಗೊಂತಿಪ್ಪ ವಿಷಯವೇ, ಸೊಂಟಬೇನೆಗೆ ಹೆದರಿ ಬಿಟ್ಟದು.

ಮತ್ತೆ ಹೂಗು ಬಂದರೂ ಕಾಯಿ ಹಿಡುದ್ದಿಲ್ಲೆ. ಬಿಡದ್ದೆ ಮಳೆ ಬಪ್ಪಗ ಜೇನುನೊಣ ಬತ್ತಿಲ್ಲೆ ಇದಾ. ಉದಿಯಪ್ಪಗ ಕೊಡೆ ಹಿಡ್ಕೊಂಡು ಹೋಗಿ, ಗೆಂಡು ಹೂಗಿನ ಕೊಯ್ದು ಎಸಳು ತೆಗದು, ಹೆಣ್ಣು ಹೂಗಿನ ಮಧ್ಯಕ್ಕೆ ಮೆಲ್ಲಂಗೆ ಮುಟ್ಟುಸಿದೆ. ಹೆಣ್ಣು ಹೂಗಿನ ಬುಡಲ್ಲಿ ಸಣ್ಣ ಕಾಯಿ ಕಾಣ್ತು, ಅದೇ ಗುರ್ತ. ಹಾಂಗೆ ಮಾಡಿದ ಮತ್ತೆ ಮೊದಾಲಾಣ ಕಾಯಿ ಹಿಡುದತ್ತು. ನಾಲ್ಕು ಕಾಯಿ ಬಳ್ಳಿಲೇ ಹಳದಿ ಅಪ್ಪನ್ನಾರ ಬಿತ್ತಿಂಗೆ ಬಿಟ್ಟೆ. ಯೆಜಮಾನ್ರು "ತಿಂಬಲೆ ಒಂದೂ ಇಲ್ಲೆಯಾ?" ಕೇಳಿದವು. "ಬಪ್ಪ ವರ್ಷ" ಹೇಳಿದೆ.

ಈಗ ಆ ಅತ್ತಿಗಗೆ ಎನ್ನ ಉತ್ತರ. ಪೈಸೆ ಲೆಕ್ಕಲ್ಲಿ ಅದು ಹೇಳಿದ್ದು ಸರಿ. ಗೊಬ್ಬರ, ಕೂಲಿ, ಹಂದಿ ನವಿಲು ಮಂಗ ತಿಂದದು, ಎನ್ನ ಮೊಣಕಾಲಿಂಗೆ ಉದ್ದುವ ಎಣ್ಣೆ ಎಲ್ಲ ಸೇರ್ಸಿರೆ ಎನಗೂ ನಷ್ಟವೇ. ಪೆಕೆಟು ಬಿತ್ತಿನ ಮೇಲೆ ಎನಗೆ ಕೋಪ ಇಲ್ಲೆ, ಬೆಂಡೆ ಬಿತ್ತು ಆನುದೆ ತತ್ತೆ. ಆದರೆ ಹೈಬ್ರಿಡ್ ಕಾಯಿಯ ಬಿತ್ತಿನ ತೆಗದು ಹಾಕಿರೆ ಬಪ್ಪ ವರ್ಷ ಅದೇ ಕಾಯಿ ಬತ್ತಿಲ್ಲೆ, ಪುನಾ ಅಂಗಡಿಗೇ ಹೋಯೆಕ್ಕು. ನಮ್ಮ ಅಜ್ಜಿಯಕ್ಕಳ ಬಿತ್ತು ಈ ಊರಿನ ಮಣ್ಣು, ಈ ಊರಿನ ಮಳೆ ಕಂಡು ಒಳುದು ಬಂದದು. ಹವೆ ಹಾಳಾತು ಹೇಳಿ ಅದರ ಬಿಡುದು, ಮಳೆ ಬಂತು ಹೇಳಿ ಕೊಡೆ ಇಡ್ಕಿದ ಹಾಂಗೆ.

ಹಾಂಗೆ ಹೇಳಿ ಎಲ್ಲೋರೂ ಇಪ್ಪತ್ತು ಸೆಂಟ್ಸಿಲಿ ದುಡಿಯೆಕ್ಕು ಹೇಳ್ತಿಲ್ಲೆ. ಎಡಿಯದ್ದವು ಎರಡು ದಿಬ್ಬ ಮಾಡಲಿ, ಒಂದು ಬಳ್ಳಿ ಸಾಕು. ಅದೂ ಎಡಿಯದ್ದರೆ ಕುಪ್ಪಿಲಿಪ್ಪ ಬಿತ್ತಿನ ಹಾಳಪ್ಪಲೆ ಬಿಡೆಡಿ, ಎಡಿವವಕ್ಕೆ ಕೊಡಿ. ಮಾಡುವವು ಒಂದೇ ದಿನ ಹಾಕೆಡಿ. ಪತ್ತನಾಜೆಗೆ ಒಂದು ಪಾಲು, ಹದಿನೈದು ದಿನ ಬಿಟ್ಟು ಒಂದು ಪಾಲು, ಆಟಿ ಸುರುವಿಂಗೆ ಒಂದು ಪಾಲು. ಒಂದು ಕೊಳದರೆ ಇನ್ನೊಂದು ಇರ್ತು. ಬಿತ್ತಿನ ಮೂರು ಮನೆಲಿ ಆದರೂ ಮಡುಗೆಕ್ಕು. ನಾಳೆ ಆರಾದರೂ "ಇದು ಎಂಗಳ ಮನೆಯದ್ದು" ಹೇಳಿರೆ ಬೇಜಾರು ಮಾಡೆಡಿ.

ಎನ್ನ ನಾಲ್ಕು ಕಾಯಿಯ ಬಿತ್ತು ಒಣಗಿ ಆಯಿದು. ಐದು ಕಟ್ಟ ಕಟ್ಟಿದ್ದೆ. ಒಂದು ಎನಗೆ, ಒಂದು ಮಗಳಿಂಗೆ, ಒಂದು ಬದಿಯಡ್ಕಕ್ಕೆ ವಾಪಾಸು, ಒಂದು ನೆರೆಕರೆಗೆ. ಐದನೇದು ಆ ಅತ್ತಿಗಗೆ. ಬೇಡ ಹೇಳುಗು, ಆನು ಅಡಿಗೆ ಕೋಣೆಲಿ ಮಡುಗಿಕ್ಕಿ ಬತ್ತೆ.