ಅಂಗಳಕ್ಕೆ ಇಂಟರ್‌ಲಾಕ್, ನೀರು ಪಕ್ಕದ ಮನೆಗೆ!

ತುಂಬಾ ದಿನದ ಮೇಲೆ ಬರೀತಾ ಇದೀನಿ, ಅದೂ ಸಿಟ್ಟಲ್ಲಿ. ಸಿಟ್ಟು ಯಾರ ಮೇಲೆ ಅಂದ್ರೆ ಮೊದಲು ನಮ್ಮ ಮನೆಯವರ ಮೇಲೆ, ಆಮೇಲೆ ನನ್ನ ಮೇಲೆ. ಯಾಕಂದ್ರೆ ದುಡ್ಡು ಕಳಿಸಿದ್ದು ನಾನೇ :-)

ಹೋದ ತಿಂಗಳು ಊರಿಗೆ ಹೋದೆ. ಗೇಟು ತೆಗೆದವನು ಬೇರೆಯವರ ಮನೆಗೆ ಬಂದೆನಾ ಅಂತ ಒಂದು ಕ್ಷಣ ನಿಂತುಬಿಟ್ಟೆ. ಮಣ್ಣಿನ ಅಂಗಳ ಮಾಯ! ಕಾಂಪೌಂಡಿನ ಈ ಮೂಲೆಯಿಂದ ಆ ಮೂಲೆವರೆಗೆ ಕೆಂಪು-ಬೂದು ಬಣ್ಣದ ಇಂಟರ್‌ಲಾಕ್ ಬ್ರಿಕ್ಸ್. ಪಾರಿಜಾತದ ಬುಡಕ್ಕೆ ಮಾತ್ರ ತಟ್ಟೆಯಷ್ಟು ಜಾಗ ಬಿಟ್ಟಿದ್ದರು. "ಹೆಂಗಿದೆ? ಥೇಟ್ ರೆಸಾರ್ಟ್ ಅಲ್ವೇನೋ?" ಅಂದ್ರು ಅಪ್ಪ. ಅಮ್ಮನೂ ಖುಷಿ. ಕೆಸರಿಲ್ಲ, ಕಳೆ ಕೀಳೋ ಕೆಲಸ ಇಲ್ಲ, ಮಂಡಿನೋವಿನಲ್ಲಿ ಜಾರಿ ಬೀಳೋ ಭಯ ಇಲ್ಲ. ನಾನೂ ನಾಲ್ಕು ಫೋಟೋ ತೆಗೆದೆ.

ಮಾರನೇ ದಿನ ಸಂಜೆ ಮಳೆ ಬಂತು. ಅರ್ಧ ಗಂಟೆ, ಅಷ್ಟೇ. ನಮ್ಮ ಅಂಗಳ ತೊಳೆದಿಟ್ಟ ಹಾಗೆ ಹೊಳೀತಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆ ಅಜ್ಜಿ ಕೂಗಿದರು. ಅವರ ಮನೆ ನಮ್ಮದಕ್ಕಿಂತ ಎರಡು ಮೆಟ್ಟಿಲು ತಗ್ಗಿನಲ್ಲಿದೆ. ಹೋಗಿ ನೋಡಿದ್ರೆ ಅಡಿಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರು, ಅಕ್ಕಿಮೂಟೆ ಒದ್ದೆ. "ನಾನು ಈ ಮನೆಗೆ ಬಂದಾಗಿಂದ ಯಾವತ್ತೂ ಹಿಂಗಾಗಿರಲಿಲ್ಲ ಕಣಪ್ಪಾ" ಅಂದ್ರು. ಬೈದಿದ್ದರೆ ಎಷ್ಟೋ ಚೆನ್ನಾಗಿರ್ತಿತ್ತು.

ಲೆಕ್ಕ ತುಂಬಾ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಅಂಗಳ 600 ಚದರಡಿ, ಅಂದ್ರೆ ಸುಮಾರು 55 ಚದರ ಮೀಟರ್. ಒಂದು ಜೋರು ಮಳೆ 20 ಮಿ.ಮೀ. ಅಂದುಕೊಂಡರೂ 1,100 ಲೀಟರ್! ಇದರಲ್ಲಿ ದೊಡ್ಡ ಪಾಲನ್ನು ಇಷ್ಟು ವರ್ಷ ಆ ಮಣ್ಣು ಸದ್ದಿಲ್ಲದೆ ಕುಡೀತಿತ್ತು. ಈಗ ಅಷ್ಟನ್ನೂ ಅಜ್ಜಿ ಮನೆಗೆ ಫಾರ್ವರ್ಡ್ ಮಾಡಿದ್ದೀವಿ.

ಮೇಸ್ತ್ರಿಯನ್ನು ಕೇಳಿದೆ. ಕೆಳಗೆ ಮೂರಿಂಚು ಬೆಡ್ ಕಾಂಕ್ರೀಟ್, ಮೇಲೆ ಬ್ರಿಕ್ಸ್, ಸಂದಿಗೆಲ್ಲ ಸಿಮೆಂಟ್. "ಒಂದು ಹುಲ್ಲುಕಡ್ಡಿ ಹುಟ್ಟಲ್ಲ ಸಾರ್, ಗ್ಯಾರಂಟಿ" ಅಂದ. ಸ್ವಾಮಿ, ಹಾಗಾದ್ರೆ ಅದಕ್ಕೆ ಇಂಟರ್‌ಲಾಕ್ ಅಂತ ಯಾಕೆ ಕರೀಬೇಕು? ಈ ಕಲ್ಲುಗಳನ್ನು ಕೂರಿಸೋ ಕ್ರಮವೇ ಬೇರೆ. ಗಟ್ಟಿಯಾಗಿ ದಮ್ಮಸು ಮಾಡಿದ ಜಲ್ಲಿ, ಅದರ ಮೇಲೆ ಒಂದೆರಡು ಇಂಚು ಮರಳು, ಕಲ್ಲುಗಳ ಮಧ್ಯೆ 2ರಿಂದ 4 ಮಿ.ಮೀ. ಸಂದಿ, ಸಂದಿಯಲ್ಲೂ ಮರಳು, ಕಲ್ಲು ಸರಿಯದ ಹಾಗೆ ಸುತ್ತ ಅಂಚುಕಟ್ಟು. ಅಂಚುಕಟ್ಟು ಮತ್ತು ಸಂದಿಯ ಮರಳೇ ಕಲ್ಲುಗಳನ್ನು ಹಿಡಿದಿಡೋದು. ಮನೆ ಕಾರಿಗೆ 60 ಮಿ.ಮೀ. ದಪ್ಪದ ಕಲ್ಲು ಸಾಕು.

ಹೀಗೆ ಹಾಕಿದರೂ ನೀರೆಲ್ಲ ಇಳಿದುಬಿಡುತ್ತೆ ಅಂತಲ್ಲ. ವರ್ಷಗಳು ಕಳೆದ ಹಾಗೆ ಸಂದಿಯಲ್ಲಿ ಧೂಳು ಕೂತು ಕಟ್ಟಿಕೊಳ್ಳುತ್ತೆ. ಅದಕ್ಕೇ ನನ್ನ ವಾದ ಇಷ್ಟು: ಬೇಕಾದಲ್ಲಿ ಮಾತ್ರ ಹಾಕಿ. ಕಾರಿನ ಚಕ್ರ ಹೋಗೋ ಕಡೆ ಎರಡು ಪಟ್ಟಿ. ಅಮ್ಮ ನಡೆಯೋಕೆ ಗೇಟಿನಿಂದ ಬಾಗಿಲವರೆಗೆ ಒಂದು ದಾರಿ. ಉಳಿದದ್ದು ಮಣ್ಣು, ಹುಲ್ಲು, ಗಿಡ. ಇಳಿಜಾರಿನ ತುದಿಯಲ್ಲಿ, ಗೋಡೆಯಿಂದ ದೂರಕ್ಕೆ ಒಂದು ಇಂಗುಗುಂಡಿ.

"ನಮ್ಮ ಜಾಗ, ನಮ್ಮ ದುಡ್ಡು, ನಿಂಗ್ಯಾಕೆ?" ಅಂತೀರಾ? ಜಾಗ ನಮ್ಮದೇ, ಆದರೆ ಅಲ್ಲಿಂದ ಹರಿದು ಹೋಗೋ ನೀರು ಯಾರದ್ದು? ಕೋಡಲ್ಲಿ ಎರರ್ ಬಂದರೆ ಅದನ್ನು ಸರಿ ಮಾಡದೆ ಪಕ್ಕದ ಮಾಡ್ಯೂಲ್‌ಗೆ ತಳ್ಳಿ "ನನ್ನ ಕಡೆಯಿಂದ ಎಲ್ಲಾ ಸರಿಯಿದೆ" ಅನ್ನೋರನ್ನ ನಾವು ಆಫೀಸಲ್ಲಿ ಬೈತೀವಲ್ಲ, ಮನೆಯಲ್ಲಿ ಮಾಡಿದ್ದೂ ಅದೇ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಮುಳುಗಿ, ನಮ್ಮಂಥ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನೆನಪಿದೆಯಲ್ಲ? ರಾಜಕಾಲುವೆ ಒತ್ತುವರಿ ಮಾಡಿದವರನ್ನು ಅವತ್ತು ಎಲ್ಲರೂ ಬೈದೆವು, ಬೈಯಲೇಬೇಕು. ಆದರೆ ಒಂದೊಂದು ಸೈಟಿನ ಮಣ್ಣನ್ನೂ ಮುಚ್ಚಿ ಆ ಕಾಲುವೆಗಳಿಗೆ ನೀರು ತಳ್ಳಿದ್ದರಲ್ಲಿ ನಮ್ಮದೂ ಪಾಲಿಲ್ವಾ?

ಅಪ್ಪನ ಜೊತೆ ಎರಡು ದಿನ ಜಗಳ ಆಯ್ತು. ಕೊನೆಗೆ ಅಮ್ಮ ನನ್ನ ಪರ ಬಂದ್ರು, ಪಾರಿಜಾತದ ಎಲೆ ಬಾಡೋಕೆ ಶುರುವಾಗಿತ್ತಂತೆ. ಮುಂದಿನ ಭಾನುವಾರ ಅಜ್ಜಿ ಮನೆ ಕಡೆಯ ನಾಲ್ಕಡಿ ಪಟ್ಟಿ ಒಡೆಸ್ತಾ ಇದೀವಿ, ಮರದ ಸುತ್ತಲೂ ಕೂಡ. ಸಿಮೆಂಟ್ ಹಾಕಿರೋದ್ರಿಂದ ಕಲ್ಲು ಇಡಿಯಾಗಿ ಬರಲ್ಲ. ಹಾಕೋಕೂ ದುಡ್ಡು, ಒಡೆಯೋಕೂ ದುಡ್ಡು, ಎರಡೂ ನನ್ನದೇ.

ಊರಲ್ಲಿ ಮನೆ ಇರೋರು ಇವತ್ತೇ ಒಂದು ಫೋನ್ ಮಾಡಿ. "ಅಂಗಳಕ್ಕೆ ಏನಾದ್ರೂ ಹಾಕಿಸ್ತಾ ಇದೀರಾ?" ಅಂತ ಕೇಳಿ. ದುಡ್ಡು ಕಳಿಸೋದು ಆಮೇಲೆ.