ಒಡೆತನ ಬೇರೆ, ಸ್ವಾಧೀನ ಬೇರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬುದನ್ನೂ ಅದಕ್ಕೆ ಸೇರಿಸಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಸಾಲ ಮಾಡಿ ಮನೆ ಕಟ್ಟಿಸಿ, ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ನಮ್ಮ ಬಂಧುಗಳಲ್ಲಿ ಕೆಲವರಿಗೆ ಆ ಬಾಡಿಗೆಯೇ ಪಿಂಚಣಿ. ನಾನು ವಕೀಲನಲ್ಲ. ಆದರೂ ಓದಿ ತಿಳಿದದ್ದನ್ನು ಹೇಳುವುದು ಮೇಷ್ಟ್ರುಗಿರಿಯ ಹಳೆಯ ಚಟ.

ಬಾಡಿಗೆದಾರರೊಡನೆ ಮನಸ್ತಾಪವಾದಾಗ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು, "ಮನೆ ನನ್ನದು, ಕೇಳುವವರು ಯಾರು?" ತೊಂದರೆಗಳೆಲ್ಲ ಹುಟ್ಟುವುದು ಈ ಮಾತಿನಿಂದಲೇ ಎಂಬುದು ನನ್ನ ಅಭಿಪ್ರಾಯ. ಒಡೆತನ ನಿಮ್ಮದೇ. ಆದರೆ ಬೀಗದ ಕೈ ಕೊಟ್ಟ ದಿನವೇ ಸ್ವಾಧೀನವನ್ನು ಇನ್ನೊಬ್ಬರಿಗೆ ಒಪ್ಪಿಸಿರುತ್ತೀರಿ. ಬಾಡಿಗೆ ಬಾಕಿಯಿದೆಯೆಂದು, ಅವರು ಊರಿಗೆ ಹೋದಾಗ ಬೀಗ ಬದಲಿಸಿದರೆ ನ್ಯಾಯ ಅವರ ಕಡೆಗೆ ಜಾರುತ್ತದೆ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಪ್ರಕರಣದಂತೆ, ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮನೆ ಯಾರದೆಂಬ ಪ್ರಶ್ನೆ ಅದಕ್ಕೆ ಅಡ್ಡಬರುವುದಿಲ್ಲ.

ಇನ್ನು ಕರಾರು ಪತ್ರ. "ನಮ್ಮ ಕಡೆಯವರೇ, ಬರಹವೇಕೆ?" ಎನ್ನುವ ದಾಕ್ಷಿಣ್ಯ ನಮ್ಮಲ್ಲಿ ಹೆಚ್ಚು. ಬರಹವು ಅಪನಂಬಿಕೆಯ ಗುರುತಲ್ಲ, ಎರಡೂ ಕಡೆಯ ನೆನಪಿಗೆ ಆಸರೆ. ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಗೆ 1908ರ ನೋಂದಣಿ ಕಾಯಿದೆಯಂತೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು ಇದರಿಂದಲೇ. ಆದರೆ ದೊಡ್ಡ ಮೊತ್ತ ಪಡೆದು ಮನೆಯನ್ನು ಮೂರು ವರ್ಷ ಭೋಗ್ಯಕ್ಕೆ ಕೊಡುವವರು ಬರಿಯ ಛಾಪಾ ಕಾಗದದಲ್ಲಿ ಬರೆದು ನಿಶ್ಚಿಂತರಾಗುತ್ತಾರೆ. ವ್ಯಾಜ್ಯವಾದಾಗ ಅದರ ಷರತ್ತುಗಳು ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಪಡೆಯುವುದು ಬಹುಕಾಲದ ರೂಢಿ. ಆ ಹಣ ನಿಮ್ಮದಲ್ಲ, ನಿಮ್ಮ ಬಳಿ ಇರುವ ಠೇವಣಿ. ಅದನ್ನು ಮಗಳ ಮದುವೆಗೆ ಖರ್ಚು ಮಾಡಿ, "ಹೊಸಬರು ಬಂದ ಮೇಲೆ ಕೊಡುತ್ತೇನೆ" ಎನ್ನುವುದು ತರವಲ್ಲ. ಸಹಜ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲವೆಂಬುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಆಶಯ. ಸುಣ್ಣಬಣ್ಣಕ್ಕೆ ಹಣ ಹಿಡಿಯುವುದಾದರೆ ಮೊದಲೇ ಬರೆಯಿರಿ.

ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರರದಾಗುತ್ತದೆಂಬ ಭಯದಿಂದ ಒಳ್ಳೆಯವರನ್ನೂ ಖಾಲಿ ಮಾಡಿಸುವವರಿದ್ದಾರೆ. ಬಾಡಿಗೆ ಕೊಟ್ಟುಕೊಂಡಿರುವವರು ನಿಮ್ಮ ಅನುಮತಿಯಿಂದ ಇರುವವರು. ಬಾಡಿಗೆದಾರರಾಗಿರುವವರೆಗೆ ಅವರು ನಿಮ್ಮ ಹಕ್ಕನ್ನು ಅಲ್ಲಗಳೆಯಲಾರರು. ಆದ್ದರಿಂದ ರಸೀದಿ ಕೊಡಲು ಹಿಂಜರಿಯಬೇಡಿ. ಅದು ನಿಮಗೂ ಆಧಾರವೇ.

ಖಾಲಿ ಮಾಡಿಸಲೇಬೇಕಾದಾಗ ಲಿಖಿತ ನೋಟಿಸು ಕೊಡಿ. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯಿದೆಯ ಹೊರಗಿವೆ. ಅವುಗಳಿಗೆ 1882ರ ಕಾಯಿದೆಯೇ ಅನ್ವಯ. ಅದರ 106ನೇ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಅವಧಿ ಹೇಳಿರದಿದ್ದರೆ ವಾಸದ ಮನೆಗೆ ಹದಿನೈದು ದಿನಗಳ ನೋಟಿಸು ಬೇಕು. ಆಮೇಲೂ ಹೊರಡದಿದ್ದರೆ ನ್ಯಾಯಾಲಯವೇ ದಾರಿ.

"ನ್ಯಾಯಾಲಯದಲ್ಲಿ ವರ್ಷಗಟ್ಟಲೆ ತಡವಲ್ಲವೇ ಮೇಷ್ಟ್ರೇ?" ಎಂದು ಕೇಳುವಿರಿ. ನಿಜ. ಬಾಡಿಗೆಯನ್ನೇ ನಂಬಿದ ವೃದ್ಧರಿಗೆ ಆ ತಡವೇ ಶಿಕ್ಷೆ. ಆದರೆ ಅವಸರದಲ್ಲಿ ಬದಲಿಸಿದ ಒಂದು ಬೀಗ, ಹೂಡಬೇಕಾದವರನ್ನೇ ಪ್ರತಿವಾದಿಯನ್ನಾಗಿಸಿ ಆ ದಾರಿಯನ್ನು ಮತ್ತಷ್ಟು ಉದ್ದ ಮಾಡುತ್ತದೆ. ಹಾಗಾಗಿ, ಮನೆ ಕೊಡುವ ಮುನ್ನ ವಕೀಲರೊಬ್ಬರಿಗೆ ಕರಾರನ್ನು ತೋರಿಸಿ. ಅವರ ಶುಲ್ಕ ಒಂದು ತಿಂಗಳ ಬಾಡಿಗೆಯಷ್ಟಾದರೂ ನಷ್ಟವಿಲ್ಲ.