ಹಿಡಿದು ಬಿಡುವ ಬೇಟೆ

ಗಾಳ ಹಾಕಿ ಕುಳಿತವನನ್ನು ಕಂಡರೆ ನಮ್ಮ ಜನಕ್ಕೆ ಮೊದಲಿನಿಂದಲೂ ಒಂದು ಬಗೆಯ ಅಸಡ್ಡೆ. ಕೆಲಸವಿಲ್ಲದವನ ಕೆಲಸವದು ಎಂಬ ಭಾವನೆ. ಮೀನು ತಿನ್ನುವವರಿಗೆ ಪೇಟೆಯಲ್ಲಿ ಮೀನು ದೊರೆಯುತ್ತದೆ; ತಿನ್ನದವರಿಗೆ ಅದರ ಗೊಡವೆಯೇ ಬೇಡ. ಹೀಗಿರುವಾಗ, ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುವ ಸಲುವಾಗಿ, ಅದೂ ಹಿಮ ಬೀಳುವ ಜನವರಿ ತಿಂಗಳಿನಲ್ಲಿ, ಹೊಳೆಯ ನಡುವೆ ಹೋಗಿ ನಿಲ್ಲುವವರನ್ನು ಏನೆಂದು ಕರೆಯೋಣ?

ಅಂಥ ಮಹನೀಯರಲ್ಲಿ ನನ್ನ ಮಿತ್ರನೂ ಒಬ್ಬ. ಮಲೆನಾಡಿನವನು, ವಿದ್ಯಾರ್ಥಿದೆಸೆಯಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಈಗ ಅವನು ಅಮೆರಿಕದ ಡೆನ್ವರ್ ನಗರದಲ್ಲಿ ಎಂಜಿನಿಯರ್. ನಾನು ಅವನ ಅತಿಥಿಯಾಗಿದ್ದ ಒಂದು ಭಾನುವಾರ, ನಸುಕಿನಲ್ಲೇ ಎಬ್ಬಿಸಿ, ಸೌತ್ ಪ್ಲಾಟ್ ನದಿಯ ದಂಡೆಗೆ ಕರೆದೊಯ್ದ.

ಇದನ್ನು ನಿನ್ನೆ ಮೊನ್ನೆಯ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಐಸಾಕ್ ವಾಲ್ಟನ್ ಎಂಬ ಆಂಗ್ಲ ಲೇಖಕ ‘ದಿ ಕಂಪ್ಲೀಟ್ ಆಂಗ್ಲರ್’ ಎಂಬ ಗ್ರಂಥವನ್ನು ಪ್ರಕಟಿಸಿದ್ದು 1653ರಲ್ಲಿ. ಆದರೆ ಕೃತಕ ನೊಣವನ್ನು ತೋರಿಸಿ ಟ್ರೌಟ್ ಮೀನನ್ನು ಹಿಡಿಯುವ ವಿದ್ಯೆಯಲ್ಲಿ ಅವನಿಗಿಂತ ಪಳಗಿದವನು, ಅವನಿಗಿಂತ 37 ವರ್ಷ ಕಿರಿಯನಾದ ಗೆಳೆಯ ಚಾರ್ಲ್ಸ್ ಕಾಟನ್. 1676ರ ಆವೃತ್ತಿಗೆ ಆ ಭಾಗವನ್ನು ಬರೆದುಕೊಟ್ಟವನು ಅವನೇ. ಡವ್ ನದಿಯ ದಂಡೆಯಲ್ಲಿ 1674ರಲ್ಲಿ ಅವನು ಕಟ್ಟಿಸಿದ ಪುಟ್ಟ ಮನೆಯ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಒಂದರೊಳಗೊಂದು ಹೆಣೆದು ಕೆತ್ತಿದ್ದಾರೆ. ಈ ಬೇಟೆಗೂ ಸ್ನೇಹಕ್ಕೂ ಇರುವ ನಂಟು ಅಷ್ಟು ಹಳೆಯದು.

ನೊಣವೆಂದರೆ ಪುಟ್ಟ ಕೊಕ್ಕೆಗೆ ನೂಲು, ಗರಿ, ತುಪ್ಪುಳಗಳನ್ನು ಸುತ್ತಿ ತೊಡಿಸಿದ ಕೀಟದ ವೇಷ. ಚಳಿಗಾಲದ್ದು ಅಕ್ಕಿಕಾಳಿಗಿಂತಲೂ ಚಿಕ್ಕದು. ಅದಕ್ಕೆ ತೂಕವೆಂಬುದೇ ಇಲ್ಲವಾದ್ದರಿಂದ, ಬೀಸಬೇಕಾದದ್ದು ನೊಣವನ್ನಲ್ಲ, ತೂಕವುಳ್ಳ ದಾರವನ್ನು. ನೊಣ ಅದನ್ನು ಹಿಂಬಾಲಿಸಿ ಹೋಗುತ್ತದೆ. ಚಳಿಯಲ್ಲಿ ಮೀನಿನ ಮೈಯೂ ನೀರಿನಷ್ಟೇ ತಣ್ಣಗಾಗಿ, ಹಸಿವು ಕುಗ್ಗುತ್ತದೆ. ಮಡುವಿನ ತಳದಲ್ಲಿ ಅಲುಗದೆ ಬಿದ್ದಿರುವ ಅದು ಆಹಾರಕ್ಕಾಗಿ ಒಂದು ಗೇಣು ಪಕ್ಕಕ್ಕೆ ಸರಿಯಲೂ ಒಲ್ಲದು. ನೊಣ ತೇಲಿಬಂದು ಅದರ ಬಾಯಿಯ ಮುಂದೆಯೇ ಹಾಯಬೇಕು.

ಸುತ್ತಲೂ ಹಿಮವಿರುವಾಗ ಹೊಳೆ ಏಕೆ ಹೆಪ್ಪುಗಟ್ಟಲಿಲ್ಲವೆಂದು ಕೇಳಿದೆ. ಮೇಲ್ಗಡೆ 1905ರಲ್ಲಿ ಪೂರ್ಣಗೊಂಡ ಚೀಸ್‌ಮನ್ ಅಣೆಕಟ್ಟು ಇದೆ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಹಾಗಾಗಿ ಜಲಾಶಯದ ಮೇಲ್ಭಾಗ ಮಂಜುಗಟ್ಟಿದರೂ ಅಡಿಯ ನೀರು ಅಷ್ಟು ತಣ್ಣಗಾಗುವುದಿಲ್ಲ; ಹೊಳೆಗೆ ಹರಿಯುವುದು ಆ ಅಡಿಯ ನೀರು. ನಾವು ಕೊರೆಯುವುದೆನ್ನುವ ನೀರು ಆ ಮೀನುಗಳಿಗೆ ಬೆಚ್ಚನೆಯ ಆಶ್ರಯ!

ಮಿತ್ರ ರಬ್ಬರಿನ ಉಡುಪು ತೊಟ್ಟು ನೀರಿಗಿಳಿದ. ನಾನು ದಂಡೆಯ ಬಂಡೆಯೊಂದನ್ನೇರಿ ಕುಳಿತೆ. ದಾರ ಹಾಯುವ ಬಳೆಗಳಲ್ಲಿ ಮತ್ತೆ ಮತ್ತೆ ಮಂಜು ಕಟ್ಟುತ್ತಿತ್ತು. ಅವನು ಬೆರಳಿನಿಂದ ಅದನ್ನು ಮುರಿದು ಮತ್ತೆ ಬೀಸುತ್ತಿದ್ದ. ಎರಡು ಗಂಟೆಯ ಕಾಲ ಇಬ್ಬರೂ ಮಾತನಾಡಲಿಲ್ಲ. ವರ್ಷಾನುಗಟ್ಟಲೆ ದೂರವಾಣಿಯಲ್ಲಿ ಹರಟಿದ್ದಕ್ಕಿಂತ ಆ ಮೌನದಲ್ಲಿ ಅವನು ನನಗೆ ಹೆಚ್ಚು ಹತ್ತಿರದವನಾಗಿ ಕಂಡ.

ಮಧ್ಯಾಹ್ನದ ಹೊತ್ತಿಗೆ ಒಂದು ಮೀನು ಸಿಕ್ಕಿತು: ಪಕ್ಕೆಯುದ್ದಕ್ಕೂ ಕೆಂಪು ಪಟ್ಟಿಯುಳ್ಳ ರೇನ್‌ಬೋ ಟ್ರೌಟ್. ಕೊಕ್ಕೆಯ ಮರುಮುಳ್ಳನ್ನು ಅವನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆಮಾಡಿದ್ದ. ಕೈಯನ್ನು ನೀರಿನಲ್ಲಿ ನೆನೆಸಿಕೊಂಡು, ಮೀನನ್ನು ನೀರಿನಿಂದ ಮೇಲೆತ್ತದೆಯೇ ಕೊಕ್ಕೆ ಬಿಡಿಸಿದ. ಒಣಗೈ ಸೋಕಿದರೆ ಅದರ ಮೈಯ ಲೋಳೆಪೊರೆ ಕಿತ್ತುಬರುತ್ತದೆ. ಹೆಪ್ಪುಗಟ್ಟಿಸುವ ಗಾಳಿಗೆ ಒಡ್ಡಿದರೆ ಕಿವಿರುಗಳಿಗೆ ಅಪಾಯ. ತಲೆಯನ್ನು ಪ್ರವಾಹಕ್ಕೆದುರಾಗಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾದ.

ನನ್ನ ಮನಸ್ಸಿಗೆ ಬಂದದ್ದು ಶೃಂಗೇರಿ. ಮಠದ ಮುಂದಣ ತುಂಗೆಯ ಮೆಟ್ಟಿಲುಗಳಲ್ಲಿ ಕುಳಿತು ನಾವಿಬ್ಬರೂ ಮೀನುಗಳಿಗೆ ಮಂಡಕ್ಕಿ ಎರಚಿದವರು. ಕೇಳಿಯೇಬಿಟ್ಟೆ: “ಬಿಡುವುದಾದರೆ ಹಿಡಿಯುವುದೇಕೆ? ಅದಕ್ಕೆ ನೋವಾಗುವುದಿಲ್ಲವೇನೋ?”

ಅವನು ಜಾರಿಕೊಳ್ಳಲಿಲ್ಲ. “ಆಗುತ್ತದೆ ಮಾರಾಯ, ಆಗುತ್ತಿರಬೇಕು,” ಎಂದ. ರೇನ್‌ಬೋ ಟ್ರೌಟಿನ ತಲೆಯಲ್ಲಿ, ಮೈಗೆ ಪೆಟ್ಟಾದುದನ್ನು ಗ್ರಹಿಸುವ ನರಗಳುಂಟೆಂದು 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದ್ದು ಅವನಿಗೂ ಗೊತ್ತು. “ಆದರೆ 2002ರಲ್ಲಿ ಇಲ್ಲಿ ಹೇಮನ್ ಕಾಡ್ಗಿಚ್ಚು ಎದ್ದಿತು. 1,37,000 ಎಕರೆಗೂ ಮೀರಿ ಸುಟ್ಟುಹೋಯಿತು. ಆಮೇಲೆ ಮಳೆ ಬಂದಾಗಲೆಲ್ಲ ಬೂದಿ, ಮರಳು ಹೊಳೆಗಿಳಿದವು. ಆಗ ಈ ಹೊಳೆಗಾಗಿ ಕೊರಗಿದವರಲ್ಲಿ ಗಾಳದವರೇ ಮುಂದು. ದಂಡೆಯ ಮೇಲಿನ ರಸ್ತೆಯಲ್ಲಿ ಮೋಟಾರಿನಲ್ಲಿ ಹೋಗುವವನಿಗೆ ನೀರಿನೊಳಗೆ ಏನು ಸಾಯುತ್ತಿದೆಯೆಂದು ಹೇಗೆ ತಿಳಿಯಬೇಕು?”

ಮಾತಿನಲ್ಲಿ ಸತ್ಯವಿತ್ತು. ಪ್ರೀತಿಸಲು ಪರಿಚಯ ಬೇಕು, ಪರಿಚಯಕ್ಕೆ ನೀರಿಗಿಳಿಯಬೇಕು. ಅವನು ಆ ಹೊಳೆಯ ಒಂದೊಂದು ಮಡುವನ್ನೂ ಬಲ್ಲ. ಆದರೂ, ಮನುಷ್ಯನ ಪರಿಚಯಕ್ಕಾಗಿ ಮೀನು ಬೆಲೆ ತೆರಬೇಕೇ ಎಂಬ ಪ್ರಶ್ನೆ ನನ್ನಲ್ಲಿ ಉಳಿಯಿತು. ಅವನಿಗೆ ಹಾಗೆಯೇ ಹೇಳಿದೆ. ಅವನು ಮುನಿಯಲಿಲ್ಲ. ಥರ್ಮಾಸ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟ.

ಹಳೆಯ ಸ್ನೇಹದ ಲಕ್ಷಣವೇ ಇದಿರಬಹುದು. ಒಬ್ಬರನ್ನೊಬ್ಬರು ಒಪ್ಪಿಸಲೇಬೇಕೆಂಬ ಹಟ ಅಲ್ಲಿರುವುದಿಲ್ಲ. ಅವನು ನೀರಿನಲ್ಲಿದ್ದ, ನಾನು ದಂಡೆಯಲ್ಲಿದ್ದೆ. ಇಬ್ಬರ ಕಣ್ಣೂ ಒಂದೇ ಹೊಳೆಯ ಮೇಲಿತ್ತು. ನಮ್ಮಲ್ಲಿ ಯಾರು ಸರಿಯೆಂಬುದನ್ನು ವಾಚಕರೇ ನಿರ್ಣಯಿಸಲಿ. ಮೀನಿನ ಅಭಿಪ್ರಾಯವನ್ನು ಕೇಳುವ ಉಪಾಯ ಯಾರಿಗಾದರೂ ತಿಳಿದಿದ್ದರೆ ಇನ್ನೂ ಒಳ್ಳೆಯದು.